ಮಾಲೀಕನ ಹೆಸರಿಗೊಂದು

ಆಳಂದಿ ರಸ್ತೆಯ ಆರ್‌ಟಿಓ ಗೋಡೆಗೆ ಬೆನ್ನು ಕೊಟ್ಟು
ಹದಿನಾರು ವರ್ಷದಿಂದ ಅರ್ಜಿ ತುಂಬುತ್ತೇನೆ.
ಓದು ಬಾರದವರಿಗೆ ಇಪ್ಪತ್ತು ರೂಪಾಯಿ,
ಮರಾಠಿ ಬಾರದವರಿಗೂ ಅಷ್ಟೇ.
ಕನ್ನಡದವರಾದರೆ ಮಾಫಿ, ಮೇಲೊಂದು ಚಹಾ.

ದಾನವ್ವ ಬಂದದ್ದು ಒಂದು ಮಂಗಳವಾರ,
ಮೊಣಕೈ ತನಕ ಜೋಳದ ಹಿಟ್ಟು,
ಮುಷ್ಟಿಯಲ್ಲಿ ಎರಡು ಚಲನ್.

ಯೇರವಡೆಯಲ್ಲಿ ಹಿಡಿದರಂತೆ.
ಸಿಗ್ನಲ್ ಹಸಿರಿತ್ತು, ತಲೆಗೆ ಹೆಲ್ಮೆಟ್ ಇತ್ತು,
ಹಿಂದಿನ ಸೀಟಿಗೆ ಬಿಗಿದ ಬುಟ್ಟಿಯಲ್ಲಿ ನಲವತ್ತು ರೊಟ್ಟಿ,
ಖರಾಡಿಯ ಹನ್ನೊಂದನೇ ಸ್ಲ್ಯಾಬಿನ ಮೇಲೆ
ಯಾದಗಿರಿಯ ಹುಡುಗರು ಹಸಿದು ಕಾಯುವಂಥವು.
ಹವಾಲ್ದಾರ ಲೈಸೆನ್ಸ್ ಕೇಳಿದ. ಕೊಟ್ಟಳು.
ಕೊಟ್ಟದ್ದು ಗಂಡ ಸಂಗನಬಸಪ್ಪನದು.

ಅವನು ಫೋಟೋ ನೋಡಿದ, ಇವಳನ್ನು ನೋಡಿದ,
ಮತ್ತೆ ಫೋಟೋ. ಮೀಸೆ.
“ಗಾಡಿ ಅವರ ಹೆಸರ್ಲೆ ನಡೀತದ,
ಕಾರ್ಡ್ ಯಾಕ ನಡಿಯೂದಿಲ್ರಿ?”
ಕೇಳಿದ್ದು ಕನ್ನಡದಲ್ಲಿ,
ಅವನು ಬರೆದದ್ದು ಮರಾಠಿಯಲ್ಲಿ.

ನಾನು ಬಿಡಿಸಿ ಹೇಳಿದೆ:
ಒಂದು ಚಲನ್ ಓಡಿಸಿದವಳಿಗೆ,
ಪರವಾನಗಿ ಇಲ್ಲದ್ದಕ್ಕೆ ಐದು ಸಾವಿರ.
ಕೋರ್ಟು ಮನಸ್ಸು ಮಾಡಿದರೆ ಜೈಲೂ ಉಂಟು, ಮೂರು ತಿಂಗಳ ತನಕ.
ಇನ್ನೊಂದು ಮಾಲೀಕನಿಗೆ,
ಪರವಾನಗಿ ಇಲ್ಲದವಳ ಕೈಗೆ ಗಾಡಿ ಕೊಟ್ಟ ತಪ್ಪಿಗೆ
ಅವನಿಗೂ ಐದು ಸಾವಿರ.

“ಅಂವ ಕೊಟ್ನಾ?”
ಹಿಟ್ಟಿನ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕಳು.
“ಬದುಕಿದ್ದಾಗ ಸೀಟಿನ ಧೂಳ ಸೈತ ನನ್ನ ಕೈಲೆ ಒರಸಗೊಡಲಿಲ್ಲ.
ಕೀಲಿ ಉಡದಾರಕ್ಕ ಕಟಗೊಂಡು ಮಲಗತಿದ್ದ.
ಯಾವತ್ತ ಕೊಟ್ಟ ಅಂತ ಬರದಾರ, ನೋಡ್ರಿ ಸ್ವಲ್ಪ.”

ನೋಡಿದೆ.
ಹೋದ ತಿಂಗಳ ಒಂಬತ್ತು, ಬೆಳಿಗ್ಗೆ ಹನ್ನೊಂದು ನಲವತ್ತು.
ಸಸೂನ್ ಆಸ್ಪತ್ರೆಯ ವಾರ್ಡ್‌ಬಾಯ್
ಕೀಲಿ, ಕನ್ನಡಕ, ಕಾರ್ಡು, ಕತ್ತರಿಸಿದ ಉಡದಾರ
ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟು
ಆಗಲೇ ಹದಿನಾಲ್ಕು ತಿಂಗಳು.

ಸ್ಟೂಲನ್ನು ಚಹಾದವನಿಗೆ ಒಪ್ಪಿಸಿ
ಶಿವಾಜಿನಗರದ ಕೋರ್ಟಿಗೆ ನಾನೂ ಹೋದೆ.
ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗಿದ,
ನಾಲಿಗೆಗೆ ಸಿಗದ ಹೆಸರನ್ನು ನಡುವೆ ಮುರಿದು:
ಸಂಗನ್ ಬಸಪ್ಪಾ ಹಾಜಿರ್ ಹೋ!
ಒಂದು ಸಲ. ಎರಡು ಸಲ.
ಮೂರನೆಯ ಕೂಗಿಗೆ ದಾನವ್ವ ತಿರುಗಿ ಬಾಗಿಲು ನೋಡಿದಳು.
ಸುಳ್ಳೇಕೆ, ನಾನೂ ನೋಡಿದೆ.

ನೆಗಡಿಯಾಗಿದ್ದ ಸಣ್ಣ ವಯಸ್ಸಿನ ಮ್ಯಾಜಿಸ್ಟ್ರೇಟಮ್ಮ
ಮರಣಪತ್ರ ಓದಿ, ಮೂಗೊರೆಸಿಕೊಂಡು
ಮಾಲೀಕನ ಕೇಸು ಮುಚ್ಚಿದಳು.
ಇವಳದನ್ನು ಮುಚ್ಚಲಿಲ್ಲ.
“ಯಾರಿಗಾದರೂ ತಾಗಿದ್ದರೆ?
ವಿಮೆಯವರು ಅವರಿಗೆ ಕೊಟ್ಟು
ನಿಮ್ಮ ಮನೆಬಾಗಿಲಿಗೆ ಬರುತ್ತಿದ್ದರು ವಸೂಲಿಗೆ.
ಅಲ್ಲೊಂದು ಮಗು ಅಡ್ಡ ಬಂದಿದ್ದರೆ?”
ಕನ್ನಡಕ್ಕೆ ತಂದು ಹೇಳಿದೆ, ಮಗುವಿನ ಮಾತನ್ನು ಮೆಲ್ಲಗೆ.
“ಅದು ಖರೇ ಐತಿ,” ಅಂದಳು.
ಆಮೇಲೆ ಬೆರಳು ಮಡಚಿದಳು:
ರೊಟ್ಟಿಗೆ ಎಂಟರಂತೆ ಆರುನೂರಾ ಇಪ್ಪತ್ತೈದು.
ಬಡಿಯಬೇಕು, ಬೇಯಿಸಬೇಕು,
ಒಂದನ್ನೂ ಯಾರೂ ತಿನ್ನುವುದಿಲ್ಲ.
ದಂಡ ಅಂದರೆ ದಂಡವೇ.

ಈಗ ಗಾಡಿ ಅವಳ ಹೆಸರಿಗಾಗಿದೆ.
ನಂಬರ್ ಪ್ಲೇಟಿನ ಮೇಲೆ ಕೆಂಪು ಎಲ್,
ಯಾದಗಿರಿಯ ಹುಡುಗನೊಬ್ಬ ಟಿಕಳಿ ಅಂಟಿಸಿ ಮಾಡಿದ್ದು.
ಮೊನ್ನೆ ಪರೀಕ್ಷೆ. ಎಂಟಂಕಿಯ ಎರಡನೇ ಸುತ್ತಿಗೆ
ಕಾಲೂರಿದಳು. ನಾಪಾಸು.
ಸ್ಟೂಲಿನ ಹತ್ತಿರ ಬಂದು ಗಂಡನ ಕಾರ್ಡು ಮುಂದಿಟ್ಟಳು:
“ಇದನ್ನ ವಾಪಸ್ ಕೊಡೂದು ಎಲ್ಲಿ?”
ತಿರುಗಿಸಿ ನೋಡಿದೆ. ೨೦೩೧ರ ಜೂನ್ ತನಕ ಊರ್ಜಿತ.
ಹದಿನಾರು ವರ್ಷದಲ್ಲಿ ಅಂಥ ಅರ್ಜಿ
ಯಾರೂ ನನ್ನಿಂದ ತುಂಬಿಸಿಲ್ಲ.

“ಕಲಿಯೂತನ ಹಿಂದ ಲೈಸೆನ್ಸ್ ಇದ್ದವರು
ಕುಂಡ್ರಬೇಕು ಅಂತೀರಲ್ಲ?”
ಹೌದು ಅಂದೆ.
ಕಾರ್ಡನ್ನು ಸೆರಗಿಗೆ ಒರೆಸಿ
ಹಿಂದಿನ ಸೀಟಿನಲ್ಲಿ, ಬುಟ್ಟಿಯ ಹಗ್ಗದಡಿ ಸಿಕ್ಕಿಸಿದಳು,
ಮೀಸೆ ರಸ್ತೆಯ ಕಡೆಗೆ ಬರುವ ಹಾಗೆ.

ಕಾನೂನಿಗೆ ಇದು ನಡೆಯುವುದಿಲ್ಲ.
ಹೇಳಬೇಕೆಂದು ಬಾಯಿ ತೆರೆದೆ.
ಚಹಾ ಬಂತು.